ಚೋಟುದ್ದದ ಮೀನು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೇ ಇದ್ದುದಕ್ಕೆ ಕಣ್ಣಿನ ಪೊರೆಯ ನೆಪ ಹೇಳಬಹುದಿತ್ತು. ಆದರೆ ಅದೇ ಪೊರೆ ಬಂದ ಕಣ್ಣಲ್ಲಿ ನಿನ್ನ ಕಾಗದವನ್ನು ದಿನಾ ಓದಿದ್ದೇನೆ, ಹಾಗಾಗಿ ಆ ನೆಪ ನಡೆಯುವುದಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಮಾತ್ರ ತಪ್ಪನ್ನು ಕಣ್ಣಿನ ಮೇಲೆ ಹಾಕು.

ನಿನ್ನ ಮಗಳು ಮರಿ ಮೊದಲ ಸಲ ಮೀನು ಹಿಡಿದಳು ಎಂದು ಬರೆದಿದ್ದೀಯ. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಮುಳುಗಿದ್ದೇ ತಡ, ಕೋಲನ್ನು ಹೆಗಲ ಮೇಲಿಟ್ಟುಕೊಂಡು, ನೀರಿಗೆ ಬೆನ್ನು ಹಾಕಿ, ತಿರುಗಿ ಕೂಡ ನೋಡದೆ ಓಡಿದಳು ಎಂದು ಬರೆದಿದ್ದೀಯ. ಅದರ ಕೆಳಗೆ, “ಥೇಟ್ ನನ್ನ ಹಾಗೆ” ಅಂತ ಒಂದು ಸಾಲು. ಅದನ್ನು ಓದುವಾಗ ನಾನು ಒಲೆಯ ಮುಂದೆ ನಿಂತಿದ್ದೆ. ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಕೊನೆಯಲ್ಲಿ ಇನ್ನೊಂದು ಮಾತು ಕೇಳಿದ್ದೀಯ. ನೀನು ಮೊದಲ ಮೀನು ಹಿಡಿದ ದಿನ ಏನೇನಾಯಿತು ಎಂದು ನಾನೇ ಮರಿಗೆ ಬರೆದು ಕಳಿಸಬೇಕಂತೆ. ಅಪ್ಪ ಇದ್ದಿದ್ದರೆ ಅವರೇ ಹೇಳುತ್ತಿದ್ದರು, ಈಗ ಕಣ್ಣಾರೆ ಕಂಡವಳು ನೀನೊಬ್ಬಳೇ ಉಳಿದಿರುವುದು ಎಂದಿದ್ದೀಯ. ಸರಿ, ಬರೆಯುತ್ತೇನೆ. ಆದರೆ ಮರಿಗಲ್ಲ, ನಿನಗೆ. ಓದಿದ ಮೇಲೆ ಅವಳಿಗೆ ಎಷ್ಟು ಹೇಳಬೇಕು ಅನ್ನುವುದು ನಿನಗೆ ಬಿಟ್ಟದ್ದು. ಒಂದು ಕಡೆ ಕೂತು ಓದು. ನಿನ್ನ ಅಭ್ಯಾಸ ನನಗೆ ಗೊತ್ತು, ಸಾರಿಗೆ ಉಪ್ಪು ಹಾಕುತ್ತಾ ಓದಬೇಡ.

ನಾವಿದ್ದ ಸಾಲುಮನೆ ನಿನಗೆ ನೆನಪಿದೆ. ಮುಂದೆ ಗಾಳದ ಕಾರ್ಖಾನೆ, ಹಿಂದೆ ಕಾಲುವೆ, ನಡುವೆ ನಾವು. ಇದ್ದದ್ದು ಒಂದೇ ಕೋಣೆ; ಪರದೆ ಎಳೆದು ಎರಡು ಅಂದುಕೊಳ್ಳುತ್ತಿದ್ದೆವು. ನಿಮ್ಮಪ್ಪನದು ಸಾಣೆಯ ಕೆಲಸ. ತಂತಿಯನ್ನು ಬೇರೆಯವರು ಬಗ್ಗಿಸಿ ಕೊಡುತ್ತಿದ್ದರು, ತುದಿ ಚೂಪು ಮಾಡುವುದು ಇವರ ಪಾಲು. ಚೂಪು ಸಾಕೋ ಸಾಲದೋ ನೋಡಲು ಪ್ರತಿಯೊಂದು ಗಾಳವನ್ನೂ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಜಾರಿದರೆ ಮತ್ತೆ ಸಾಣೆಗೆ, ಕಚ್ಚಿಕೊಂಡರೆ ಡಬ್ಬಿಗೆ. ಆ ಉಗುರಿನ ತುಂಬ ಗೀರು. ಮದುವೆಯಾದ ಹೊಸದರಲ್ಲಿ ಬೆಕ್ಕು ಪರಚಿತಾ ಅಂತ ಕೇಳಿದ್ದೆ ನಾನು. ಆಮೇಲೆ ನನಗೂ ಗಾಳಗಳನ್ನು ರಟ್ಟಿಗೆ ಸಿಕ್ಕಿಸುವ ಕೆಲಸ ಸಿಕ್ಕಿತು, ನನ್ನ ಬೆರಳುಗಳೂ ಅವರ ಬೆರಳಿಗೆ ಜೊತೆಯಾದವು.

ಇಷ್ಟಿದ್ದೂ ನಮ್ಮ ಮನೆಯಲ್ಲಿ ಒಬ್ಬರೂ ಮೀನು ಹಿಡಿದವರಲ್ಲ. ಯಾರಾದರೂ ಕೆಣಕಿದರೆ ನಿಮ್ಮಪ್ಪ, “ನಾವು ಗಾಳ ಮಾಡೋರು ಕಣ್ರೀ, ನಮಗೂ ಮೀನಿಗೂ ಏನು ಜಗಳ?” ಎಂದು ನಗಿಸಿಬಿಡುತ್ತಿದ್ದರು. ನಿಜವೆಂದರೆ ಅವರಿಗೆ ಹಿಡಿಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾರೋ ನಿನ್ನನ್ನು, ಗಾಳದವರ ಮಗಳಾಗಿ ನಿನಗೆ ಮೀನು ಹಿಡಿಯೋಕೆ ಬರಲ್ವಾ ಎಂದು ರೇಗಿಸಿದರು. ನೀನು ಬಂದು ಊಟ ಬಿಟ್ಟು ಕೂತೆ. ಆ ರಜಾದಿನ ನಾವೆಲ್ಲ ಕಾಲುವೆಗೆ ಹೊರಟದ್ದು ನಿನ್ನ ಹಟಕ್ಕೆ.

ಗಾಳದ ತುದಿಯಲ್ಲಿ ಒಳಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ, ಗೊತ್ತಲ್ಲ. ಬಾಯಿಗೆ ಚುಚ್ಚಿಕೊಂಡ ಮೀನನ್ನು ಜಾರದಂತೆ ಹಿಡಿಯುವುದು ಅದೇ. ಬೆರಳಿಗೆ ಹೊಕ್ಕರೂ ಅಷ್ಟೇ, ಮಾಂಸ ಹರಿಯದೆ ಹೊರಗೆ ಬರುವುದಿಲ್ಲ. ಮಕ್ಕಳ ಕೈ ಎಂದು ನಿಮ್ಮಪ್ಪ ಆ ಮುಳ್ಳನ್ನು ಅರದಿಂದ ಉಜ್ಜಿ ತೆಗೆದುಬಿಟ್ಟಿದ್ದರು. ಮೀನು ಹಿಡಿಯಲು ಹೋಗುವವರು, ಅದೂ ಗಾಳ ಮಾಡುವವರು, ಮೀನು ನಿಲ್ಲದ ಗಾಳ ಕಟ್ಟಿಕೊಂಡು ಹೋದರು! ದಂಡೆಯಲ್ಲಿ ಕಲ್ಲು ಹೊರುತ್ತಿದ್ದ ಮುದುಕನೊಬ್ಬ ಅದನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ದಾರ ಒಂದು ಚೂರು ಸಡಿಲವಾದರೂ ಮೀನು ಹೋಯ್ತು ಅಂತಲೇ ಲೆಕ್ಕ ಎಂದ.

ಹಾಗೇ ಆಯಿತು. ಬೆಳಗ್ಗೆಯಿಂದ ನೀನೇ ಕೋಲು ಹಿಡಿದಿದ್ದೆ. ಎರೆಹುಳು ಚುಚ್ಚಿದ್ದೂ ನೀನೇ, ಅಸಹ್ಯ ಪಟ್ಟುಕೊಳ್ಳದೆ. ಬೆಂಡು ಮುಳುಗಿದಾಗೆಲ್ಲ ಎಳೆದೆ. ಎಳೆದಾಗೆಲ್ಲ ಮೀನು ಗಾಳಿಯಲ್ಲಿ ಒಂದು ಸಲ ಹೊಳೆದು ವಾಪಸ್ಸು ನೀರಿಗೆ. ಮಧ್ಯಾಹ್ನ ನಾನು ಬ್ರೆಡ್ಡು ತಂದೆ.

ಇಲ್ಲಿಯವರೆಗೆ ನೀನು ಹೇಳುವ ಕಥೆಯೂ ನಾನು ಕಂಡದ್ದೂ ಒಂದೇ. ಇನ್ನು ಮುಂದೆ ಬೇರೆ. ಈಗ ಒಂದು ಹೆಸರು ಬರೆಯುತ್ತೇನೆ. ಇದನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಯಿತೋ ನನಗೇ ತಿಳಿಯದು.

ಚೋಟು.

ನಿನಗೊಬ್ಬ ತಮ್ಮ ಇದ್ದ ಎಂಬುದನ್ನು ನೀನು ಮರೆತಿರಲಾರೆ. ಆಗ ನಿನಗೆ ಏಳು, ಅವನಿಗೆ ಐದು ನಡೆಯುತ್ತಿತ್ತು. ಆದರೆ ನಾವು ಮೂವರೂ ಅವನ ಬಗ್ಗೆ ಒಂದು ಮಾತೂ ಆಡದೆ ಇಷ್ಟು ಕಾಲ ಕಳೆದುಬಿಟ್ಟೆವು. ನೀನು ಬ್ರೆಡ್ಡು ತಿನ್ನಲು ನನ್ನ ಹತ್ತಿರ ಬಂದೆ. ಬರುವಾಗ ಕೋಲನ್ನು ಅವನ ಕೈಗೆ ಕೊಟ್ಟು, ಬೀಳಿಸಿದರೆ ಕೊಂದೇ ಬಿಡ್ತೀನಿ ಎಂದು ಹೆದರಿಸಿ ಬಂದೆ. ಅವನು ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು ನಿಂತ. ಕಾರ್ಖಾನೆಯ ಮೆಟ್ಟಿಲ ಮೇಲೆ ಬಿದ್ದು ಅವನ ಮುಂದಿನ ಹಲ್ಲೊಂದು ಮುರಿದಿತ್ತಲ್ಲ, ಆ ಸಂದಿಯಿಂದ ನಾಲಿಗೆಯ ತುದಿ ಹೊರಗೆ ಬಂದಿತ್ತು. ಏನಾದರೂ ಗಮನವಿಟ್ಟು ಮಾಡುವಾಗ ಅವನು ಹಾಗೆ ಮಾಡುತ್ತಿದ್ದ.

ಬೆಂಡು ಮುಳುಗಿತು. ಎಳಿಯೋ ಎಂದು ನಿಮ್ಮಪ್ಪ ಕೂಗಿದರು. ಎಳೆಯುವುದು ಎಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ. ಎಳೆಯುವುದು ಎಂದರೆ ಅವನಿಗೆ ಗೊತ್ತಿದ್ದದ್ದು ದಾರ ಕಟ್ಟಿದ ಆಟದ ಗಾಡಿ. ಕೋಲನ್ನು ಹೆಗಲಿಗೆ ಹಾಕಿಕೊಂಡ, ನೀರಿಗೆ ಬೆನ್ನು ತಿರುಗಿಸಿದ, ಓಡಿದ. ಬರಿಗಾಲಲ್ಲಿ. ಮೀನು ದಂಡೆ ಹತ್ತಿತು, ಹುಲ್ಲು ದಾಟಿತು, ದಾರಿಗೆ ಬಂತು, ಧೂಳಿನಲ್ಲಿ ಹೊರಳುತ್ತ ಅವನ ಹಿಂದೆ ಹೋಯಿತು. ನಿಮ್ಮಪ್ಪ ನಿಲ್ಲೋ ನಿಲ್ಲೋ ಎಂದು ಹಿಂದೆ ಓಡಿದರು. ಅವನು ತಿರುಗಿ ನೋಡಲೇ ಇಲ್ಲ. ಅದಕ್ಕೇ ದಾರ ಒಂದು ಕ್ಷಣವೂ ಸಡಿಲವಾಗಲಿಲ್ಲ. ಕಾರ್ಖಾನೆಯ ಗೋಡೆ ಅಡ್ಡ ಬರದಿದ್ದರೆ ಇನ್ನೂ ಎಲ್ಲಿಗೆ ಹೋಗುತ್ತಿದ್ದನೋ.

ಪಕ್ಕದ ಮನೆಯ ದರ್ಜಿ ಟೇಪು ತಂದು ಅಳೆದ. ಮೀನೂ ಚೋಟುದ್ದ, ಹಿಡಿದವನೂ ಚೋಟುದ್ದ ಎಂದು ನಕ್ಕ. ಸಾಣೆಯವರೆಲ್ಲ ಮನೆಗಳಿಂದ ಎದ್ದು ಬಂದು ನೋಡಿದರು. ಚೋಟು ಎಲ್ಲರಿಗೂ ಆ ಹಲ್ಲಿನ ಸಂದಿ ತೋರಿಸಿಕೊಂಡು ನಿಂತಿದ್ದ. ನೀನು ಬ್ರೆಡ್ಡು ಕೈಯಲ್ಲಿ ಹಿಡಿದುಕೊಂಡೇ ಅವನ ಎದುರು ನಿಂತಿದ್ದೆ, ಅಳು ಬರುವ ಹಾಗಿತ್ತು ನಿನ್ನ ಮುಖ. ನನಗೆ ಪಾಪ ಅನ್ನಿಸಿತ್ತು. ಬೆಳಗಿನಿಂದ ಕಾದವಳು ನೀನು.

ಅದೇ ಚಳಿಗಾಲ ಅವನ ಗಂಟಲು ಕಟ್ಟಿತು. ಅದನ್ನು ನಾನು ಬರೆಯುವುದಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಹೋದೆವು, ಬರುವಾಗ ನನ್ನ ಕೈಯಲ್ಲಿ ಅವನ ಸ್ವೆಟರ್ ಮಾತ್ರ ಇತ್ತು. ಅಷ್ಟೇ.

ಅವನದೊಂದು ಫೋಟೋ ಕೂಡ ಇಲ್ಲ ಪುಟ್ಟಿ. ಯಾಕೆ ಗೊತ್ತಾ? ಆ ಮುರಿದ ಹಲ್ಲಿನಿಂದಾಗಿ. ಹಾಲುಹಲ್ಲು ತಾನೇ, ಬಿದ್ದು ಹೊಸದು ಬರಲಿ, ಆಮೇಲೆ ಚೆನ್ನಾಗಿ ತೆಗೆಸೋಣ ಎಂದವಳು ನಾನೇ.

ಅವನು ಹೋದ ಮೇಲೆ ನೀನು ಮಾತು ನಿಲ್ಲಿಸಿದೆ. ಮೊದಮೊದಲು ನಾನು ಗಮನಿಸಲಿಲ್ಲ, ನನಗೆ ನನ್ನದೇ ಆಗಿತ್ತು. ಆಮೇಲೆ ನೋಡಿದರೆ ನೀನು ನೀರು ಬೇಕು ಎಂದು ಕೂಡ ಕೇಳುತ್ತಿರಲಿಲ್ಲ, ಲೋಟ ತೋರಿಸುತ್ತಿದ್ದೆ. ಶಾಲೆಯವರು ಮನೆಗೆ ಕಳಿಸಿದರು. ಡಾಕ್ಟರು ಬಾಯಿ ಬಿಡಿಸಿ ಟಾರ್ಚು ಹಾಕಿ ನೋಡಿ, ಗಂಟಲಲ್ಲಿ ಏನೂ ಇಲ್ಲ, ಅದೇ ಬರುತ್ತೆ ಬಿಡಿ ಎಂದರು. ಒಂದನ್ನು ಕಳೆದುಕೊಂಡೆವು, ಇನ್ನೊಂದು ಕಣ್ಣೆದುರಿಗೇ ಕಲ್ಲಾಗುತ್ತಿದೆ ಎಂದು ನಿಮ್ಮಪ್ಪ ಸಾಣೆಯ ಮುಂದೆ ಕೂತು ಅಳುತ್ತಿದ್ದರಂತೆ. ದರ್ಜಿ ಹೇಳಿದ.

ಚಳಿ ಕಳೆಯುವ ಹೊತ್ತಿಗೆ ಒಂದು ಸಂಜೆ ಅದೇ ದರ್ಜಿ ಮನೆಗೆ ಬಂದಿದ್ದ. ಏನಮ್ಮ ಪುಟ್ಟಿ, ಏನು ಸಮಾಚಾರ ಎಂದು ಸುಮ್ಮನೆ ಕೇಳಿದ, ಉತ್ತರ ಬರುತ್ತದೆಂದು ಕೇಳಿದ್ದಲ್ಲ. ನೀನು ಪರದೆಯ ಹಿಂದಿನಿಂದ ಬಂದು ನಿಂತು, ಸ್ಪಷ್ಟವಾಗಿ, “ನಾನು ಮೀನು ಹಿಡಿದೆ” ಎಂದೆ. ಆಮೇಲೆ ಇಡೀ ಕಥೆ ಹೇಳಿದೆ. ಹೆಗಲ ಮೇಲೆ ಕೋಲು, ಬರಿಗಾಲು, ಓಟ, ಗೋಡೆ, ಎಲ್ಲ. ಅವನು ಮಾಡಿದ್ದೆಲ್ಲ ನೀನು ಮಾಡಿದ್ದಾಗಿ ಹೇಳಿದೆ. ದರ್ಜಿ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಪ್ಪ ಎದ್ದು ಬಂದು ನಿನ್ನನ್ನು ಎತ್ತಿಕೊಂಡು, “ಹೌದು ಮತ್ತೆ, ನಮ್ಮ ಪುಟ್ಟಿ ಹಿಡಿದಳು!” ಎಂದು ನಕ್ಕುಬಿಟ್ಟರು. ಆ ಚಳಿಗಾಲದಲ್ಲಿ ಅವರು ನಕ್ಕಿದ್ದು ಅದೇ ಮೊದಲು. ನಗುತ್ತಲೇ ಅತ್ತರು.

ಆಮೇಲೆ ನಾವಿಬ್ಬರೂ ಕಾಲುವೆ ದಂಡೆಗೆ ಹೋಗಿ ಜಗಳವಾಡಿದೆವು. ಅವರು ಹೇಳಿದ್ದು, “ಒಂದು ಮೀನು ತಾನೇ ಕಣೆ. ಹೋದವನಿಗೆ ಅದನ್ನು ಇಟ್ಟುಕೊಂಡು ಏನಾಗಬೇಕು? ಇರೋಳಿಗೆ ಕೊಡೋಣ.” ನಾನು, ಅವನ ಹತ್ತಿರ ಇದ್ದದ್ದೇ ಅದೊಂದು ಎಂದೆ. ಆದರೂ ಅವರ ಮಾತೇ ನಡೆಯಿತು, ಯಾಕೆಂದರೆ ಮನೆಗೆ ವಾಪಸ್ಸು ಬಂದಾಗ ನೀನು ಬಾಗಿಲಲ್ಲಿ ನಿಂತು, “ಅಮ್ಮಾ, ಹಸಿವು” ಎಂದೆ.

ಹೀಗೆ ಆ ಮೀನು ನಿನ್ನದಾಯಿತು. ಊರು ಬಿಟ್ಟು ಇಲ್ಲಿಗೆ ಬಂದೆವು. ಇಲ್ಲಿ ಯಾರಾದರೂ ಎಷ್ಟು ಮಕ್ಕಳು ಎಂದರೆ ನಿಮ್ಮಪ್ಪ ಒಬ್ಬಳೇ ಎನ್ನುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ನೆಂಟರು ಬಂದರೆ, ಇಲ್ಲಿನ ಕಾರ್ಖಾನೆಯವರು ಬಂದರೆ, ಕಡೆಗೆ ನಿನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ, ಪುಟ್ಟಿ ಆ ಮೀನಿನ ಕಥೆ ಹೇಳು ಎಂದು ನಿಮ್ಮಪ್ಪ ಕೇಳುತ್ತಿದ್ದರು. ನೀನು ಹೇಳುತ್ತಿದ್ದೆ. “ನನ್ನ ಮುರಿದ ಹಲ್ಲಿನ ಸಂದಿಯಿಂದ ನಾಲಿಗೆ ಹೊರಗೆ ಬಂದಿತ್ತು, ಬಲಗಡೆ ಹಲ್ಲು” ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಪಾಪ, ಮಗುವಿನ ಮನಸ್ಸು ಅವನ ಹಲ್ಲನ್ನೂ ನುಂಗಿಕೊಂಡುಬಿಟ್ಟಿದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನೀನು ದನಿ ಏರಿಸುತ್ತಿದ್ದೆ. ನಾನು ನಲ್ಲಿ ಪೂರ್ತಿ ಬಿಡುತ್ತಿದ್ದೆ.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಬರೆದುಬಿಡುತ್ತೇನೆ. ಆ ಹೊತ್ತಿನಲ್ಲಿ ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೆತ್ತ ಮಗಳು, ಆದರೂ ಆಗುತ್ತಿರಲಿಲ್ಲ. ಕಥೆ ಮುಗಿದ ಮೇಲೆ ನೀನು ಬಂದು ನನ್ನ ಸೆರಗು ಹಿಡಿದರೆ ಕೈ ಒದ್ದೆ ಇದೆ, ಆಮೇಲೆ ಬಾ ಎಂದು ಕಳಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಏನೋ ಒಂದು ಅಡ್ಡ ನಿಂತಿದೆ ಎಂದು ನಿನ್ನ ಮದುವೆಯ ಮುಂಚೆ ಒಮ್ಮೆ ನೀನೇ ಕೇಳಿದ್ದೆ. ಏನಿಲ್ಲ ಎಂದಿದ್ದೆ ನಾನು. ಇತ್ತು. ಚೋಟುದ್ದದ್ದೊಂದು ಇತ್ತು.

ನಾನಿರುವವರೆಗೂ ಅವಳಿಂದ ಆ ಮೀನು ಕಿತ್ತುಕೊಳ್ಳಬೇಡ ಎಂದು ನಿಮ್ಮಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಉಳಿಸಿಕೊಂಡೆ. ಅವರಿಗೆ ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ, ನೀನು ಬಂದು ನೋಡಿ ಹೋದೆಯಲ್ಲ, ಆಮೇಲಿನ ದಿನಗಳಲ್ಲಿ ಅವರು ಅದೇ ಹೆಬ್ಬೆರಳಿನ ಉಗುರನ್ನು ತಮ್ಮ ಮುಂದಿನ ಹಲ್ಲಿನ ಮೇಲೆ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದರು. ಬಾಯಿ ಒಣಗಿರಬೇಕೆಂದು ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ. ಬೇಡವೆಂದು ತಲೆಯಾಡಿಸುತ್ತಿದ್ದರು. ಏನು ಬೇಕಿತ್ತೋ ನನಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಹೋದರು.

ಈಗ ಇವರಿಲ್ಲ. ದರ್ಜಿಯೂ ಇದ್ದಂತಿಲ್ಲ. ಚೋಟು ಎಂಬುವನೊಬ್ಬ ಇದ್ದ, ಓಡಿದ, ಒಂದು ಮೀನು ಹಿಡಿದ ಎನ್ನುವುದು ಈ ನನ್ನ ತಲೆಯಲ್ಲಿ ಮಾತ್ರ ಉಳಿದಿದೆ. ಈ ತಲೆಯೋ, ಮೊನ್ನೆ ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಹುಡುಕಿತು. ನಾನು ಹೋದರೆ ಅವನು ಪೂರ್ತಿ ಹೋಗುತ್ತಾನೆ. ಮರಿಗೆ ಅವನ ಹೆಸರು ಕೂಡ ಗೊತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಮೀನನ್ನು ಅವನಿಗೆ ವಾಪಸ್ಸು ಕೊಡು. ಪೂರ್ತಿ ಬೇಡ ಅನ್ನಿಸಿದರೆ ಅರ್ಧ ಇಟ್ಟುಕೋ. ಎರೆಹುಳು ಚುಚ್ಚಿದವಳು ನೀನೇ, ಅದರಲ್ಲಿ ಸುಳ್ಳಿಲ್ಲ. ಅಂದು ನಾವು ಮಾಡಿದ್ದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ಬಾಗಿಲಲ್ಲಿ ನಿಂತು ಹಸಿವು ಎಂದೆಯಲ್ಲ, ಅದಕ್ಕಾಗಿ ನಾಳೆಯೂ ಅದನ್ನೇ ಮಾಡುತ್ತೇನೆ. ನನಗಿರುವ ಹೆದರಿಕೆ ಒಂದೇ. ಇದನ್ನು ಓದಿ ನೀನು ಮತ್ತೆ ಮಾತು ನಿಲ್ಲಿಸಿಬಿಟ್ಟರೆ? ಹಾಗೆ ಮಾಡಬೇಡ. ಬೈದಾದರೂ ಬರೆ.

ನಿನ್ನ
ಅಮ್ಮ

ಮರೆತ ಮಾತು: ಮುರಿದದ್ದು ಅವನ ಎಡಗಡೆಯ ಹಲ್ಲು. ನೀನು ಯಾವಾಗಲೂ ಬಲಗಡೆ ಎಂದೇ ತೋರಿಸುತ್ತಿದ್ದೆ. ಆಗೆಲ್ಲ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೆ, ಇವತ್ತು ಹೇಳಿದೆ.


ಗುರುವಾರ

ಅಮ್ಮಾ,

ನಿನ್ನ ಕಾಗದ ಇವತ್ತೇ ಬಂತು, ಇವತ್ತೇ ಬರೆಯುತ್ತಿದ್ದೇನೆ. ನಾನು ಮಾತು ನಿಲ್ಲಿಸಿಲ್ಲ. ಅದನ್ನು ಮೊದಲು ಬರೆಯಬೇಕು ಅನ್ನಿಸಿತು. ಕೂತೇ ಓದಿದೆ. ಸಾರು ಸೀದಿದೆ, ಅದು ಬೇರೆ ವಿಷಯ.

ಅಮ್ಮ, ನನ್ನ ಹಲ್ಲು ಯಾವತ್ತು ಮುರಿದಿತ್ತು?

ಇಷ್ಟು ವರ್ಷದಲ್ಲಿ ನೀನು ಒಂದು ಸಲ ಕೇಳಿದ್ದರೆ ಸಾಕಾಗಿತ್ತು. ಯಾರಾದರೂ ಒಬ್ಬರು ಕೇಳಲಿ ಎಂದೇ ಪ್ರತಿ ಸಲವೂ ಆ ಹಲ್ಲನ್ನು ಹೇಳುತ್ತಿದ್ದೆ. ಎಡಗಡೆಯದು ಎನ್ನುತ್ತೀಯ. ಇರಬಹುದು. ನಾನು ಅವನ ಎದುರು ನಿಂತಿದ್ದೆನಲ್ಲ, ಬ್ರೆಡ್ಡು ಹಿಡಿದುಕೊಂಡು. ಎದುರು ನಿಂತು ನೋಡುವವರಿಗೆ ಅದು ಬಲಗಡೆ. ನನ್ನ ಮನಸ್ಸು ಏನನ್ನೂ ನುಂಗಲಿಲ್ಲ. ಅವನ ಮುಖವನ್ನು ನೋಡಿ ನೋಡಿಯೇ ಹೇಳುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವನು ಹೋದ ಸ್ವಲ್ಪ ದಿನಕ್ಕೆ ನಾನು ಅಪ್ಪನ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಹೋಗಿದ್ದೆ. ಸಾಣೆ ತಿರುಗುತ್ತಿತ್ತು. ನಾನು, “ಅಪ್ಪಾ, ಚೋಟು ಮೀನು ಹಿಡಿದಾಗ” ಎಂದು ಶುರು ಮಾಡಿದೆ. ಅಪ್ಪ ನನ್ನ ಬಾಯಿ ಮುಚ್ಚಿದರು. ಹೊಡೆಯಲಿಲ್ಲ, ಗದರಲಿಲ್ಲ, ಎಣ್ಣೆ ಹತ್ತಿದ ಅಂಗೈಯನ್ನು ಮೆತ್ತಗೆ ಬಾಯಿಯ ಮೇಲಿಟ್ಟು, ಬೇಡ ಕಂದಾ, ಅಮ್ಮನ ಮುಂದೆ ಆ ಹೆಸರು ಎತ್ತಬೇಡ, ಅವಳು ಉಳಿಯಲ್ಲ ಎಂದರು. ನೀನು ಸತ್ತುಹೋಗುತ್ತೀಯ ಎಂದು ನಾನು ತಿಳಿದುಕೊಂಡೆ. ಯಾವ ಮಾತಿನ ಒಳಗಿಂದ ಅವನ ಹೆಸರು ಬಂದುಬಿಡುತ್ತದೋ ಎಂಬ ಹೆದರಿಕೆಗೆ ಎಲ್ಲ ಮಾತನ್ನೂ ನಿಲ್ಲಿಸಿದೆ. ಡಾಕ್ಟರು ಟಾರ್ಚು ಹಾಕಿ ಹುಡುಕಿದ್ದು ಅದನ್ನೇ.

ಆದರೆ ನನಗೆ ಅವನ ಕಥೆ ಹೇಳಲೇಬೇಕಿತ್ತು. ಹೇಳದಿದ್ದರೆ ಅವನು ಎಲ್ಲಿರುತ್ತಾನೆ? ಪರದೆಯ ಹಿಂದೆ ಮಲಗಿ ದಿನಾ ಯೋಚಿಸಿದೆ. ಹೆಸರು ತಾನೇ ಬೇಡ ಎಂದದ್ದು, ಮೀನು ಬೇಡ ಎನ್ನಲಿಲ್ಲವಲ್ಲ. ಅವನ ಹೆಸರಿನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿದೆ. ದರ್ಜಿ ಮಾಮ ಬಂದ ಸಂಜೆ ಹೇಳಿದೆ. ನೀನು ಸಾಯಲಿಲ್ಲ. ಅಪ್ಪ ನಕ್ಕರು. ಹೀಗಾದರೆ ಹೇಳಬಹುದು ಎಂದು ಗೊತ್ತಾಯಿತು.

ನೀವು ನನಗೆ ಮೀನು ಕೊಟ್ಟಿರಿ ಎಂದು ಬರೆದಿದ್ದೀಯ. ನಾನು ಇಸಿದುಕೊಂಡಿರಲಿಲ್ಲ ಅಮ್ಮ. ಅವನು ಹಿಡಿದದ್ದನ್ನು ನಿಮ್ಮಿಬ್ಬರಿಗೂ ಹೊತ್ತು ತರುತ್ತಿದ್ದೆ. ಅಪ್ಪನಿಗೆ ತಲುಪುತ್ತಿತ್ತು. ನೀನು ಎದ್ದು ಒಳಗೆ ಹೋಗುತ್ತಿದ್ದೆ. ಒಬ್ಬಳೇ ಕೂತು ಅಳಲು ಹೋಗುತ್ತೀಯ, ಅಲ್ಲಿಂದಲೇ ಕೇಳಿಸಿಕೊಳ್ಳುತ್ತೀಯ ಎಂದುಕೊಂಡು ದನಿ ಏರಿಸುತ್ತಿದ್ದೆ. ಅವನು ಓಡುವ ಭಾಗ ನಿನಗೆ ತಪ್ಪಿಹೋಗಬಾರದು ಎಂದು. ನಲ್ಲಿಯ ಸದ್ದು ಕೇಳಿದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ನಿನಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಓದಿದಾಗ ಕಾಗದ ಮಡಿಸಿಟ್ಟು ಸ್ವಲ್ಪ ಹೊತ್ತು ಹಿತ್ತಲಿಗೆ ಹೋಗಿ ನಿಂತಿದ್ದೆ. ಅದು ನನಗೆ ಗೊತ್ತಿತ್ತು. ಕಾರಣ ಮಾತ್ರ ಬೇರೆ ಅಂದುಕೊಂಡಿದ್ದೆ. ಉಳಿದವಳು ನಾನಾದೆನಲ್ಲ, ಅವನಲ್ಲವಲ್ಲ ಎಂದು ನಿನಗೆ ಸಂಕಟ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಬೆಳೆದೆ, ಮದುವೆಯಾಗಿ ಬಂದೆ. ಈಗ ಅದಲ್ಲ ಎಂದು ಗೊತ್ತಾಗಿ ಸಮಾಧಾನವಾಗಬೇಕು. ಆಗುತ್ತಿಲ್ಲ. ಇಷ್ಟು ವರ್ಷ ಹೋಯಿತಲ್ಲ ಎಂದಷ್ಟೇ ಆಗುತ್ತಿದೆ.

ಅಪ್ಪನ ಹೆಬ್ಬೆರಳಿನ ವಿಷಯ. ನಾನು ನೋಡಲು ಬಂದಿದ್ದ ದಿನ ನೀನು ಔಷಧಿ ತರಲು ಹೋಗಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಥೆ ಬೇಕಾಗಿದೆ ಎಂದು ಗೊತ್ತಾಯಿತು. ಈ ಸಲ ಹೆಸರು ಬದಲಿಸದೆ ಹೇಳಿದೆ: ಚೋಟು ಕೋಲು ಹಿಡಿದ, ಚೋಟು ಓಡಿದ, ಚೋಟು ತಿರುಗಿ ನೋಡಲಿಲ್ಲ. ಅಪ್ಪ ಕೈ ಎತ್ತಿದರು. ಮತ್ತೆ ಬಾಯಿ ಮುಚ್ಚುತ್ತಾರೆ ಎಂದುಕೊಂಡೆ. ಮುಚ್ಚಲಿಲ್ಲ. ಹೆಬ್ಬೆರಳ ಉಗುರನ್ನು ನನ್ನ ಮುಂದಿನ ಹಲ್ಲಿನ ಮೇಲೆ ಮೆಲ್ಲಗೆ ಎಳೆದು ನೋಡಿದರು. ಹಲ್ಲು ಸರಿಯಾಗಿಯೇ ಇತ್ತು. ಅವರ ಕಣ್ಣಿಂದ ನೀರು ಕಿವಿಗೆ ಇಳಿಯಿತು. ಆಮೇಲೆ ಅವರು ನಿನಗೆ ಹೇಳಲು ನೋಡಿದ್ದು ಅದನ್ನೇ ಇರಬೇಕು, ಇವಳಿಗೆ ಎಲ್ಲ ಗೊತ್ತು ಕಣೆ ಎಂದು. ನೀನು ತುಟಿ ಒರೆಸಿದೆ. ಬೇಜಾರು ಮಾಡಿಕೊಳ್ಳಬೇಡ, ನಿನಗಾದರೂ ಹೇಗೆ ಗೊತ್ತಾಗಬೇಕು?

ಆವತ್ತೇ ನಿನಗೆ ಹೇಳಬಹುದಿತ್ತು. ಆ ಹೆಸರು ಹೇಳಿದರೆ ನೀನು ಉಳಿಯುವುದಿಲ್ಲ ಎಂಬ ಏಳು ವರ್ಷದವಳ ಹೆದರಿಕೆ ಇನ್ನೂ ಹೋಗಿರಲಿಲ್ಲ. ನೀನಾಗಿಯೇ ಹೇಳಲಿ ಎಂದು “ಥೇಟ್ ನನ್ನ ಹಾಗೆ” ಅಂತ ಬರೆದೆ. ಬಣ್ಣಬಣ್ಣವಾಗಿ ನನ್ನದೇ ಕಥೆ ಬರೆದು ಕಳಿಸಿಬಿಡುತ್ತೀಯೇನೋ ಎಂದು ದಿನಾ ಅಂಚೆಯವನ ದಾರಿ ಕಾಯುತ್ತಿದ್ದೆ.

ಮುಂದಿನ ವಾರ ಬರುತ್ತೇವೆ. ಕಣ್ಣಿನ ಆಪರೇಷನ್ ಮುಗಿಯುವವರೆಗೂ ಅಲ್ಲೇ ಇರುತ್ತೇನೆ, ಬೇಡ ಎಂದು ಬರೆಯಲು ಹೋಗಬೇಡ. ಬಂದ ದಿನ ಕಥೆ ಹೇಳುತ್ತೇನೆ, ಸರಿಯಾದ ಹೆಸರಿಟ್ಟು. ನೀನು ಅಡುಗೆಮನೆಗೆ ಎದ್ದು ಹೋಗಬಾರದು. ನಲ್ಲಿಯನ್ನು ನಾನೇ ಬಿಗಿಯಾಗಿ ತಿರುಗಿಸಿಟ್ಟು ಬಂದು ಕೂರುತ್ತೇನೆ.

ನಿನ್ನ
ಪುಟ್ಟಿ

ಇನ್ನೊಂದು: ಮರಿಗೆ ಅವನ ಹೆಸರು ಗೊತ್ತಿಲ್ಲ ಎಂದು ಬರೆದಿದ್ದೀಯ. ಅವಳಿಗೆ ನಾನು ಮೊದಲಿನಿಂದಲೂ ನಿಜವಾದ ಕಥೆಯನ್ನೇ ಹೇಳಿದ್ದೇನೆ. ಅಜ್ಜಿಯ ಮುಂದೆ ಮಾತ್ರ ಹೇಳಬಾರದು ಎಂದು ಕಲಿಸಿದ್ದೆ, ಅದೊಂದು ತಪ್ಪು ನನ್ನಿಂದಲೂ ಆಯಿತು. ಆವತ್ತು ಕೋಲು ಹೆಗಲಿಗಿಟ್ಟು ಓಡಿದಳಲ್ಲ, ಓಡುತ್ತಾ ಏನೆಂದು ಕೂಗಿದಳು ಎಂಬುದನ್ನು ಹೋದ ಕಾಗದದಲ್ಲಿ ಬರೆದಿರಲಿಲ್ಲ. “ಚೋಟು ಮಾಮಾ, ನಾನೂ ತಿರುಗಿ ನೋಡಲಿಲ್ಲ!” ಎಂದು ಕೂಗಿದಳು.